ಸರಿದ ಮುಂದಿನ ಹಲ್ಲುಗಳು: ಮೊದಲು ಒಸಡು, ಅನಂತರ ತಂತಿ

ನಲವತ್ತು ದಾಟಿದ ಮೇಲೆ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳ ನಡುವೆ ಹೊಸದಾಗಿ ಸಂದು ಕಾಣಿಸಿಕೊಳ್ಳುವುದು, ಒಂದು ಹಲ್ಲು ಉಳಿದವುಗಳಿಗಿಂತ ಉದ್ದವಾದಂತೆ ತೋರುವುದು, ಸಾಲಾಗಿ ನಿಂತಿದ್ದ ಹಲ್ಲುಗಳು ಬೀಸಣಿಗೆಯಂತೆ ಮುಂದಕ್ಕೆ ಹರಡಿಕೊಳ್ಳುವುದು, ಇವು ನಮ್ಮ ಕಲ್ಲೋಳಿ, ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಊರುಗಳಲ್ಲಿ ಅಪರೂಪದ ಸಂಗತಿಗಳೇನಲ್ಲ. ಆದರೆ ಇದನ್ನು ಒಂದು ರೋಗದ ಲಕ್ಷಣವೆಂದು ಎಣಿಸುವವರು ಮಾತ್ರ ವಿರಳ. ವಯಸ್ಸಾದ ಮೇಲೆ ಹೀಗಾಗುವುದು ಸಹಜವೆಂದು ಕೆಲವರು ಸುಮ್ಮನಿರುತ್ತಾರೆ. ಮುಂದಿನ ಹಲ್ಲಿನಲ್ಲಿ ಸಂದು ಇರುವುದು ಅದೃಷ್ಟದ ಗುರುತೆಂದು ಇನ್ನು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ತಾಯಂದಿರಂತೂ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ರೂಢಿಸಿಕೊಂಡು, ಒಳಗಿನ ನೋವನ್ನು ಯಾರಿಗೂ ಹೇಳದೆ ವರ್ಷಗಳನ್ನು ಕಳೆಯುತ್ತಾರೆ.

ಹುಟ್ಟಿನಿಂದ ಇರುವ ಸಂದಿನ ವಿಚಾರ ಬೇರೆ. ಅದು ಹಲ್ಲುಗಳ ಗಾತ್ರಕ್ಕೂ ದವಡೆಯ ಅಳತೆಗೂ ಸಂಬಂಧಿಸಿದುದು. ಇಲ್ಲದ ಸಂದು ನಡುವಯಸ್ಸಿನಲ್ಲಿ ಹೊಸದಾಗಿ ಮೂಡಿದರೆ ಅದಕ್ಕೆ ಕಾರಣವಿರಲೇಬೇಕು. ನಿಮ್ಮ ಮದುವೆಯ ಭಾವಚಿತ್ರವನ್ನು ಹೊರತೆಗೆದು ಕನ್ನಡಿಯ ಮುಂದೆ ನಿಂತು ಹೋಲಿಸಿ ನೋಡಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ದಂತವೈದ್ಯರೂ ಹಳೆಯ ಭಾವಚಿತ್ರವನ್ನು ತರಹೇಳುವುದು ಇದೇ ಕಾರಣಕ್ಕಾಗಿ. ಒಸಡಿನ ರೋಗ ಇರುವವರನ್ನು ಪರೀಕ್ಷಿಸಿದ ಬೇರೆ ಬೇರೆ ಸಮೀಕ್ಷೆಗಳಲ್ಲಿ ಶೇಕಡಾ 30ರಿಂದ 55ರಷ್ಟು ಜನರಲ್ಲಿ ಹಲ್ಲು ತನ್ನ ಸ್ಥಾನದಿಂದ ಸರಿದಿರುವುದು ಕಂಡುಬಂದಿದೆ. ಒಸಡಿನ ತೀವ್ರ ರೋಗವು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನರನ್ನು ಬಾಧಿಸುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2022ರ ವರದಿಯಲ್ಲಿ ಅಂದಾಜಿಸಿದೆ. ಹೀಗಿರುವಾಗ ಇದನ್ನು ಯಾರೋ ಒಬ್ಬಿಬ್ಬರ ದುರದೃಷ್ಟವೆಂದು ತಿಳಿಯುವಂತಿಲ್ಲ.

ಹಲ್ಲು ಏಕೆ ಸರಿಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದು ನಿಂತಿರುವುದು ಹೇಗೆ ಎಂಬುದನ್ನು ಮೊದಲು ಅರಿಯಬೇಕು. ಹಲ್ಲು ಎಲುಬಿನಲ್ಲಿ ಮೊಳೆಯಂತೆ ಬಡಿದುಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ತೆಳುವಾದ ಒಂದು ನಾರಿನ ಪದರವಿದ್ದು, ಸಾವಿರಾರು ಸೂಕ್ಷ್ಮ ಎಳೆಗಳು ಹಲ್ಲನ್ನು ತೂಗುಹಾಕಿದಂತೆ ಹಿಡಿದಿರುತ್ತವೆ. ಹೊರಗಿನಿಂದ ತುಟಿ ಮತ್ತು ಕೆನ್ನೆಗಳು ಅದನ್ನು ಒಳಕ್ಕೆ ಒತ್ತುತ್ತವೆ. ಒಳಗಿನಿಂದ ನಾಲಿಗೆ ಹೊರಕ್ಕೆ ಒತ್ತುತ್ತದೆ. ಎದುರಿನ ದವಡೆಯ ಹಲ್ಲು ಕಚ್ಚಿದಾಗಲೆಲ್ಲ ತನ್ನ ಬಲವನ್ನು ಹೇರುತ್ತದೆ. ಈ ಬಲಗಳು ಒಂದಕ್ಕೊಂದು ಸರಿಸಮವಲ್ಲ. ನಾಲಿಗೆಯ ಒತ್ತಡವೇ ಅನೇಕ ಬಾರಿ ತುಟಿಯ ಒತ್ತಡಕ್ಕಿಂತ ಹೆಚ್ಚು. ಆ ವ್ಯತ್ಯಾಸವನ್ನು ನುಂಗಿಕೊಂಡು ಹಲ್ಲನ್ನು ಸ್ಥಿರವಾಗಿಡುವುದು ಬೇರಿನ ಸುತ್ತಲಿನ ಆ ನಾರು ಮತ್ತು ಎಲುಬು.

ಒಸಡಿನ ರೋಗವು ಹಾಳುಮಾಡುವುದು ಇದೇ ನಾರು ಮತ್ತು ಎಲುಬನ್ನು. ಹಲ್ಲಿನ ಬುಡದಲ್ಲಿ ದಿನವೂ ಕಟ್ಟುವ ಅಂಟಾದ ಪಾಚಿಯನ್ನು ತೆಗೆಯದೆ ಬಿಟ್ಟರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ಅದರಲ್ಲಿರುವ ಸೂಕ್ಷ್ಮಾಣುಗಳ ವಿರುದ್ಧ ದೇಹ ನಡೆಸುವ ಹೋರಾಟದಲ್ಲಿ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ. 1965ರಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಡೆನ್ಮಾರ್ಕಿನಲ್ಲಿ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರಗಳೊಳಗೆ ಎಲ್ಲರ ಒಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಉಜ್ಜಲು ಆರಂಭಿಸಿದ ಮೇಲೆ ಕೆಲವೇ ದಿನಗಳಲ್ಲಿ ಗುಣವಾಯಿತು. ಆ ಹಂತದಲ್ಲಿ ನಿಂತರೆ ನಷ್ಟವೇನೂ ಇಲ್ಲ. ಅಲ್ಲಿಂದ ಮುಂದೆ ಹೋಗಿ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಆಳವಾದ ಜೇಬಿನಂತಾದರೆ ಒಳಗಿನ ಎಲುಬು ಕರಗತೊಡಗುತ್ತದೆ. ನೋವಿಲ್ಲದೆಯೇ ಇದು ನಡೆದುಹೋಗುತ್ತದೆ. ಆದ್ದರಿಂದಲೇ ಹೆಚ್ಚು ಮೋಸ ಮಾಡುತ್ತದೆ.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಹರಿದು ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿದ್ದನ್ನು ನಾವಾರೂ ಮರೆತಿಲ್ಲ. ನೆರೆ ಇಳಿದ ಮೇಲೆ ಬುಡದ ಮಣ್ಣು ಕೊಚ್ಚಿಹೋದ ಕಂಬಗಳು ಹೇಗೆ ವಾಲುತ್ತವೆಂಬುದನ್ನು ಹೊಳೆಯ ದಂಡೆಯವರು ಬಲ್ಲರು. ಕಂಬ ಅದೇ, ತಂತಿಯ ಎಳೆತವೂ ಮೊದಲಿನದೇ. ಆದರೆ ಹಿಡಿದಿದ್ದ ಮಣ್ಣು ಕಡಿಮೆಯಾದುದರಿಂದ ಹಿಂದೆ ತಡೆದುಕೊಂಡಿದ್ದ ಎಳೆತವನ್ನೇ ಈಗ ತಡೆಯಲಾರದು. ಹಲ್ಲಿನ ಸ್ಥಿತಿಯೂ ಹಾಗೆಯೇ. ಮೇಲಿನ ಮುಂದಿನ ಹಲ್ಲಿನ ಬೇರು ಸುಮಾರು 13 ಮಿಲಿಮೀಟರ್ ಉದ್ದವಿರುತ್ತದೆ. ಅದರಲ್ಲಿ ಅರ್ಧದಷ್ಟು ಆಧಾರ ಹೋದರೆ ನಾಲಿಗೆಯ ದಿನನಿತ್ಯದ ಒತ್ತಡವೇ ಅದನ್ನು ಮುಂದಕ್ಕೆ ತಳ್ಳಲು ಸಾಕು. ಇದರ ಜೊತೆಗೆ ಊದಿದ ಒಸಡೂ ಒಳಗಿನಿಂದ ಹಲ್ಲನ್ನು ಹೊರದೂಡುತ್ತದೆ.

ಇನ್ನೊಂದು ಕಾರಣವನ್ನು ನಮ್ಮ ಭಾಗದಲ್ಲಿ ವಿಶೇಷವಾಗಿ ಹೇಳಲೇಬೇಕು. ದವಡೆಹಲ್ಲು ನೋವು ಕೊಟ್ಟಿತೆಂದರೆ ಅದನ್ನು ಕೀಳಿಸಿ ಹಾಕಿ, ಆ ಜಾಗವನ್ನು ಖಾಲಿ ಬಿಡುವುದು ಬಹುಜನರ ರೂಢಿ. ಹೊರಗೆ ಕಾಣದ ಹಲ್ಲಿಗೆ ಖರ್ಚು ಏಕೆ ಎಂಬ ಲೆಕ್ಕಾಚಾರ. ಆದರೆ ಜಗಿಯುವ ಭಾರವನ್ನು ಹೊರುವುದಕ್ಕಾಗಿಯೇ ಇರುವವು ಹಿಂದಿನ ಹಲ್ಲುಗಳು. ಅವು ಎರಡು ಮೂರು ಇಲ್ಲವಾದಾಗ ಕಚ್ಚುವ ಬಲವೆಲ್ಲ ಮುಂದಿನ ಹಲ್ಲುಗಳ ಮೇಲೆ ಬೀಳುತ್ತದೆ. ಕೆಳಗಿನ ಮುಂದಿನ ಹಲ್ಲುಗಳು ಮೇಲಿನವುಗಳ ಹಿಂಬದಿಗೆ ಬಡಿದು ಬಡಿದು ಅವುಗಳನ್ನು ಹೊರಕ್ಕೆ ಚಾಚಿಸುತ್ತವೆ. ಹೀಗೆ ಹಿಂದೆ ಮಾಡಿದ ಉಳಿತಾಯ ಹತ್ತು ವರ್ಷಗಳ ನಂತರ ಮುಂದೆ ನಷ್ಟವಾಗಿ ತೋರುತ್ತದೆ. 2017ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಒಸಡಿನ ರೋಗವನ್ನು ನಾಲ್ಕು ಹಂತಗಳಾಗಿ ಮರುವಿಂಗಡಿಸಿದಾಗ, ಹಲ್ಲುಗಳು ಸರಿಯುವುದನ್ನೂ ಹರಡಿಕೊಳ್ಳುವುದನ್ನೂ ಕೊನೆಯ ಹಂತವಾದ ನಾಲ್ಕನೆಯದರ ಲಕ್ಷಣಗಳಲ್ಲಿ ಸೇರಿಸಿದರು. ಸಂದು ಕಾಣಿಸಿದಾಗ ಕಾಯಲು ಸಮಯವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇಷ್ಟಾದರೂ ನಾಲ್ಕನೆಯ ಹಂತವೆಂದರೆ ಹಲ್ಲು ಹೋಯಿತೆಂದು ಅರ್ಥವಲ್ಲ. ಸರಿದ ಹಲ್ಲನ್ನು ಮತ್ತೆ ಅದರ ಸ್ಥಾನಕ್ಕೆ ತಂದು ಬಹುಕಾಲ ಉಳಿಸಿಕೊಳ್ಳಲು ಇಂದು ಸಾಧ್ಯವಿದೆ. ಆದರೆ ಅದಕ್ಕೊಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಉಳಿಯಬಹುದಾಗಿದ್ದ ಹಲ್ಲೂ ಉಳಿಯುವುದಿಲ್ಲ.

ಅನೇಕರು ಸಂದು ಕಂಡೊಡನೆ ಕೇಳುವುದು ತಂತಿ ಹಾಕಿಸುವ ಬಗ್ಗೆ. ಇಲ್ಲವೇ ಪಕ್ಕದ ಹಲ್ಲುಗಳನ್ನು ಅರೆದು ಕ್ಯಾಪ್ ಕೂಡಿಸಿ ಒಂದೇ ವಾರದಲ್ಲಿ ಸಂದು ಮುಚ್ಚಿಸಿಕೊಳ್ಳುವ ಬಗ್ಗೆ. ಒಸಡಿನ ರೋಗ ಇರುವಾಗಲೇ ಇವೆರಡನ್ನೂ ಮಾಡಿಸುವುದು ತಪ್ಪು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಕಣ್ತೆರೆಸುವಂತಹದು. ನಾಯಿಗಳ ಹಲ್ಲುಗಳ ಮೇಲೆ ಒಂದೇ ಬಗೆಯ ಬಲವನ್ನು ಅವರು ಪ್ರಯೋಗಿಸಿದರು. ಸ್ವಚ್ಛವಾಗಿಟ್ಟ ಹಲ್ಲುಗಳು ಎಲುಬಿಗೆ ಹಾನಿಯಿಲ್ಲದೆ ಸರಿದವು. ಪಾಚಿ ಕಟ್ಟಿದ್ದ ಹಲ್ಲುಗಳನ್ನು ವಾಲಿಸಿದಾಗ ಒಸಡಿನ ಮೇಲಿದ್ದ ಸೋಂಕು ಕೆಳಕ್ಕೆ ಇಳಿದು ಎಲುಬಿನೊಳಗೇ ಆಳವಾದ ಜೇಬುಗಳಾದವು. ಅದೇ ಬಲವು ಶುದ್ಧವಾದ ಬಾಯಿಯಲ್ಲಿ ಚಿಕಿತ್ಸೆಯಾಗುತ್ತದೆ, ಸೋಂಕಿರುವ ಬಾಯಿಯಲ್ಲಿ ರೋಗವನ್ನು ಬೆಳೆಸುತ್ತದೆ.

ಆದ್ದರಿಂದ ಮೊದಲು ಒಸಡು. ಒಸಡಿನ ತಜ್ಞರು ತೆಳುವಾದ ಅಳತೆಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಜೇಬಿನ ಆಳವನ್ನು ಅಳೆಯುತ್ತಾರೆ. ಆರೋಗ್ಯವಂತ ಒಸಡಿನಲ್ಲಿ ಇದು 1ರಿಂದ 3 ಮಿಲಿಮೀಟರ್ ಇರುತ್ತದೆ. ಎಕ್ಸ್-ರೇ ತೆಗೆದು ಎಲುಬು ಎಷ್ಟು ಉಳಿದಿದೆಯೆಂದು ನೋಡುತ್ತಾರೆ. ಬಳಿಕ ಒಸಡಿನ ಮೇಲಿನ ಮತ್ತು ಒಳಗಿನ ಕಿಟ್ಟವನ್ನು ತೆಗೆದು ಬೇರನ್ನು ಸ್ವಚ್ಛಗೊಳಿಸುತ್ತಾರೆ. ಇದಕ್ಕೆ ಎರಡು ಮೂರು ಭೇಟಿಗಳು ಬೇಕಾಗಬಹುದು.

ಇಲ್ಲಿಯೇ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲವಾಗುತ್ತವೆ, ಸಂದುಗಳು ಬೀಳುತ್ತವೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿ ಬೇರೂರಿದೆ. ನಂಬಿಕೆ ಹುಟ್ಟಿದ್ದು ಕಣ್ಣಾರೆ ಕಂಡುದರಿಂದಲೇ. ಆದರೆ ಕಂಡುದನ್ನು ಅರ್ಥೈಸಿದ ರೀತಿ ಸರಿಯಲ್ಲ. ಎಲುಬು ಕರಗಿ ಸಡಿಲವಾಗಿದ್ದ ಹಲ್ಲುಗಳನ್ನು ಕಲ್ಲಿನಂತಹ ಕಿಟ್ಟವೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದು ಹೋದಾಗ ಮೊದಲೇ ಇದ್ದ ಸಡಿಲತೆ ಅನುಭವಕ್ಕೆ ಬರುತ್ತದೆ. ಊದಿದ್ದ ಒಸಡು ಇಳಿದು ಬಿಗಿಯಾದಾಗ ಹಲ್ಲುಗಳ ಬುಡದಲ್ಲಿ ತ್ರಿಕೋನಾಕಾರದ ಕಪ್ಪು ಸಂದುಗಳು ಕಾಣುತ್ತವೆ. ಹಲ್ಲು ಉದ್ದವಾದಂತೆಯೂ, ತಣ್ಣೀರು ತಾಗಿದರೆ ಜುಮ್ಮೆಂದಂತೆಯೂ ಆಗುತ್ತದೆ. ಇದು ಒಸಡು ಗುಣವಾಗುತ್ತಿರುವ ಚಿಹ್ನೆ. ಮೊದಲ ಭೇಟಿಯ ನಂತರ ಇದನ್ನು ಕಂಡು ಹೆದರಿ ಚಿಕಿತ್ಸೆಯನ್ನು ಅಲ್ಲಿಗೇ ಕೈಬಿಡುವವರ ಸಂಖ್ಯೆ ದೊಡ್ಡದು. ಹಾಗೆ ಬಿಡಬಾರದೆಂದು ಭಕ್ತಬಂಧುಗಳಲ್ಲಿ ನಮ್ಮ ವಿನಂತಿ.

ಸಕ್ಕರೆ ಕಾಯಿಲೆ ಇರುವವರು ಅದನ್ನು ಹತೋಟಿಗೆ ತರದೆ ಒಸಡಿನ ಚಿಕಿತ್ಸೆಯಿಂದ ಪೂರ್ಣ ಫಲವನ್ನು ನಿರೀಕ್ಷಿಸಲಾಗದು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಚೀಟಿಯನ್ನು ದಂತವೈದ್ಯರಿಗೂ ತೋರಿಸಬೇಕು. ತಂಬಾಕಿನ ವಿಷಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ. ನಿಪ್ಪಾಣಿಯ ತಂಬಾಕು ಬೆಳೆಯ ನೆರೆಯವರು ನಾವು. ಬೀಡಿ, ಸುಣ್ಣ-ತಂಬಾಕು, ಗಡಿಭಾಗದ ಹೆಣ್ಣುಮಕ್ಕಳು ಹಲ್ಲಿಗೆ ಉಜ್ಜುವ ಮಶೇರಿ, ಎಲ್ಲವೂ ಮನೆಮನೆಗೆ ಪರಿಚಿತ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿಯೇ ನಿಷೇಧಿಸಿದ್ದರೂ ಅದರ ಚೀಟುಗಳು ಊರ ಬೀದಿಗಳಿಂದ ಮರೆಯಾಗಿಲ್ಲ. ಬೀಡಿ ಸೇದುವವರ ಒಸಡಿನಲ್ಲಿ ರಕ್ತಸಂಚಾರ ಕುಗ್ಗಿ ರಕ್ತ ಬರುವುದೇ ಕಡಿಮೆಯಾಗುತ್ತದೆ. ಆದ್ದರಿಂದ ಒಳಗೆ ಎಲುಬು ಕರಗುತ್ತಿದ್ದರೂ ಮೇಲೆ ಎಲ್ಲವೂ ಚೆನ್ನಾಗಿದ್ದಂತೆ ತೋರುತ್ತದೆ. ಮಶೇರಿಯಿಂದ ಹಲ್ಲು ಗಟ್ಟಿಯಾಗುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಅದು ಕೊಡುವುದು ತಂಬಾಕಿನ ಅಮಲನ್ನಷ್ಟೇ. ಬಾಯಿಯ ಕ್ಯಾನ್ಸರಿನ ಭಯ ಬೇರೆ.

ಮನೆಯಲ್ಲಿ ಮಾಡಬೇಕಾದುದು ಹೆಚ್ಚೇನಿಲ್ಲ, ಆದರೆ ತಪ್ಪಬಾರದು. ಬೆಳಗಿನ ಸ್ನಾನ-ಪೂಜೆಗಳಿಗೆ ಮುನ್ನ ಹಲ್ಲುಜ್ಜದವರು ನಮ್ಮಲ್ಲಿ ಯಾರೂ ಇಲ್ಲ. ರಾತ್ರಿ ಊಟದ ಬಳಿಕ ಉಜ್ಜುವವರೇ ಕಡಿಮೆ, ಒಸಡಿನ ದೃಷ್ಟಿಯಿಂದ ಅದೇ ಮುಖ್ಯ. ಬೂದಿ, ಇದ್ದಲಿಪುಡಿ, ಒರಟಾದ ಹಲ್ಲುಪುಡಿಗಳನ್ನು ಬಿಟ್ಟು ಮೃದುವಾದ ಬ್ರಷ್ ಬಳಸಬೇಕು. ಸಂದು ಬಿದ್ದ ಹಲ್ಲುಗಳ ನಡುವೆ ಬ್ರಷ್ಷಿನ ಎಳೆಗಳು ತಲುಪುವುದಿಲ್ಲ. ಅದಕ್ಕೆಂದೇ ಬಾಟಲಿ ತೊಳೆಯುವ ಬ್ರಷ್ಷಿನ ಆಕಾರದ ಚಿಕ್ಕ ಬ್ರಷ್ಷುಗಳು ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ಯಾವ ಅಳತೆಯದು ಬೇಕೆಂದು ವೈದ್ಯರು ಹೇಳುತ್ತಾರೆ.

ಸುಮಾರು ಮೂರು ತಿಂಗಳ ನಂತರ ಮತ್ತೆ ಅಳತೆ ನಡೆಯುತ್ತದೆ. ಜೇಬಿನ ಆಳ 4 ಮಿಲಿಮೀಟರಿಗೆ ಇಳಿದು, ಕಡ್ಡಿ ತಾಗಿಸಿದಾಗ ರಕ್ತ ಬಾರದಿದ್ದರೆ ಒಸಡು ಹತೋಟಿಗೆ ಬಂದಿದೆ ಎನ್ನಬಹುದು. ಇನ್ನೂ ಆಳವಾಗಿ ಉಳಿದ ಕಡೆ ಒಸಡನ್ನು ಬಿಡಿಸಿ ಒಳಗೆ ಸ್ವಚ್ಛಗೊಳಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕೆಲವು ಬಗೆಯ ಗುಳಿಗಳಲ್ಲಿ ಎಲುಬು ಮತ್ತೆ ಬೆಳೆಯುವಂತೆ ಮಾಡುವ ಪದಾರ್ಥವನ್ನೂ ತುಂಬುತ್ತಾರೆ. ಸಂತೋಷದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಸಂದು ಒಂದು ಮಿಲಿಮೀಟರಿನೊಳಗೆ ಇದ್ದರೆ, ಒಸಡಿನ ಊತ ಇಳಿದು ನಾರಿನ ಎಳೆಗಳು ಮತ್ತೆ ಬಿಗಿಗೊಂಡಾಗ ಹಲ್ಲು ತಾನಾಗಿಯೇ ಹಿಂದೆ ಸರಿದು ಸಂದು ಮುಚ್ಚಿಕೊಳ್ಳುವುದುಂಟು. ಅಂತಹವರಿಗೆ ತಂತಿಯ ಅಗತ್ಯವೇ ಬೀಳುವುದಿಲ್ಲ. ಬೇಗ ಬಂದವರಿಗೆ ಸಿಗುವ ಲಾಭವಿದು.

ಉಳಿದವರಿಗೆ ಹಲ್ಲು ಜೋಡಿಸುವ ತಜ್ಞರ ನೆರವು ಬೇಕು. ಶಾಲಾ ಮಕ್ಕಳಿಗೆ ಹಾಕುವ ತಂತಿಗೂ ಇದಕ್ಕೂ ಹೊರನೋಟಕ್ಕೆ ಭೇದವಿಲ್ಲ. ಲೆಕ್ಕಾಚಾರ ಮಾತ್ರ ಬೇರೆ. ವಾಲಿದ ಕಂಬವನ್ನು ತುದಿಯಲ್ಲಿ ಹಿಡಿದು ಜೋರಾಗಿ ಎಳೆದರೆ ಅದು ನೇರವಾಗುವ ಬದಲು ಬುಡಸಹಿತ ಕಿತ್ತುಬರುತ್ತದೆ. ಎಲುಬು ಕಡಿಮೆಯಾದ ಹಲ್ಲೂ ಹಾಗೆಯೇ. ಆಧಾರವು ಬೇರಿನ ತುದಿಯ ಕಡೆಗೆ ಇಳಿದಿರುವುದರಿಂದ ಅದೇ ಬಲಕ್ಕೆ ಹೆಚ್ಚು ವಾಲುತ್ತದೆ. ಆದ್ದರಿಂದ ಬಲವನ್ನು ಬಹಳ ಹಗುರಗೊಳಿಸುತ್ತಾರೆ. ಉದ್ದವಾಗಿ ಕೆಳಗಿಳಿದ ಹಲ್ಲನ್ನು ಮೇಲಕ್ಕೆ ಒಯ್ಯಲು ಒಂದು ಹಲ್ಲಿಗೆ 10ರಿಂದ 20 ಗ್ರಾಂ ತೂಕದಷ್ಟು ಬಲ ಸಾಕಾಗುತ್ತದೆ. ಬಲ ತಾಗಿದ ಬದಿಯಲ್ಲಿ ಎಲುಬು ಕರಗಿ, ಬಿಟ್ಟುಬಂದ ಬದಿಯಲ್ಲಿ ಹೊಸ ಎಲುಬು ಕೂಡುತ್ತ ಹಲ್ಲು ನಿಧಾನವಾಗಿ ಸಾಗುತ್ತದೆ. ಸರಿದ ದೂರವನ್ನು ಅನುಸರಿಸಿ ಇದು ಕೆಲವು ತಿಂಗಳುಗಳಿಂದ ಒಂದೂವರೆ ವರ್ಷದವರೆಗೆ ನಡೆಯಬಹುದು. ಪಾರದರ್ಶಕ ಅಚ್ಚುಗಳಿಂದಲೂ ಕೆಲವರಿಗೆ ಈ ಕೆಲಸ ಆಗುತ್ತದೆ. ಊಟದ ಹೊತ್ತಿಗೆ ತೆಗೆದಿಡಬಹುದೆಂಬುದು ಅದರ ಅನುಕೂಲ, ಖರ್ಚು ಹೆಚ್ಚೆಂಬುದು ತೊಡಕು. ವಯಸ್ಸು ಇದಕ್ಕೆ ಅಡ್ಡಿಯಲ್ಲ. ಅರವತ್ತರಲ್ಲಿಯೂ ಹಲ್ಲು ಸರಿಯುತ್ತದೆ. ಬೇಕಾದುದು ಆರೋಗ್ಯವಂತ ಒಸಡು.

ಒಂದು ಎಚ್ಚರಿಕೆ. ಸಂದು ಮುಚ್ಚಲು ಎರಡು ಹಲ್ಲುಗಳಿಗೆ ತಾವೇ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವ ಪ್ರಯೋಗವನ್ನು ಕೆಲವು ಯುವಕರು ಮಾಡುತ್ತಾರೆ. ಹಲ್ಲಿನ ಬೇರು ತುದಿಗೆ ಹೋದಂತೆ ಸಪೂರವಾಗುವುದರಿಂದ ರಬ್ಬರ್ ಒಸಡಿನೊಳಗೆ ಜಾರಿ, ಕಣ್ಣಿಗೆ ಬೀಳದಂತೆ ಬೇರಿನ ಉದ್ದಕ್ಕೂ ಏರುತ್ತ ಎಲುಬನ್ನು ಕರಗಿಸಿಬಿಡುತ್ತದೆ. ಕೆಲವೇ ವಾರಗಳಲ್ಲಿ ಗಟ್ಟಿಮುಟ್ಟಾದ ಹಲ್ಲುಗಳು ಹೀಗೆ ಬಿದ್ದುಹೋದ ಉದಾಹರಣೆಗಳು ವೈದ್ಯಕೀಯ ಗ್ರಂಥಗಳಲ್ಲಿವೆ. ಸಂತೆ-ಜಾತ್ರೆಗಳಲ್ಲಿ ಕುಳಿತು ಹಲ್ಲು ಕೂಡಿಸಿಕೊಡುವವರ ಬಳಿ ಹೋಗುವುದೂ ಇಷ್ಟೇ ಅಪಾಯಕರ.

ತಂತಿ ಇರುವಷ್ಟು ದಿನ ಮುಂದಿನ ಹಲ್ಲಿನಿಂದ ಕಬ್ಬು ಸಿಗಿಯಬಾರದು, ಕಡಕ್ ರೊಟ್ಟಿಯನ್ನು ಕಚ್ಚಿ ಮುರಿಯಬಾರದು. ರೊಟ್ಟಿಯನ್ನು ಪಲ್ಲೆಯ ರಸದಲ್ಲಿಯೋ ಮಜ್ಜಿಗೆಯಲ್ಲಿಯೋ ನೆನೆಸಿ ಹಿಂದಿನ ಹಲ್ಲಿನಿಂದ ಜಗಿಯಬಹುದು. ನಮ್ಮ ಗೋಕಾಕದ ಕರದಂಟಿನ ವಿಷಯದಲ್ಲಿ ಸ್ವಲ್ಪ ಸಂಯಮ ಬೇಕಾದೀತು; ಅಂಟಿಕೊಳ್ಳುವ ಬೆಲ್ಲ ತಂತಿಯ ಸಂದುಗಳಲ್ಲಿ ಕುಳಿತರೆ ತೆಗೆಯುವುದು ಕಷ್ಟ. ಎಷ್ಟು ಉಜ್ಜಿದರೂ ತಂತಿಯ ಸುತ್ತ ಪಾಚಿ ನಿಲ್ಲುವುದರಿಂದ ಈ ಅವಧಿಯಲ್ಲಿ ಮೂರು ತಿಂಗಳಿಗೊಮ್ಮೆಯಾದರೂ, ಕೆಲವೊಮ್ಮೆ ಅದಕ್ಕೂ ಮೊದಲೇ, ಒಸಡಿನ ತಜ್ಞರಲ್ಲಿ ಸ್ವಚ್ಛ ಮಾಡಿಸಿಕೊಳ್ಳಬೇಕು. ಒಸಡು ಮತ್ತೆ ಊದಿದರೆ ತಂತಿಯ ಕೆಲಸವನ್ನು ನಿಲ್ಲಿಸಿ ಅದನ್ನು ಸರಿಪಡಿಸಿದ ನಂತರವೇ ಮುಂದುವರಿಸುತ್ತಾರೆ. ಒಸಡಿನ ತಜ್ಞರು ಮತ್ತು ತಂತಿಯ ತಜ್ಞರು ಪರಸ್ಪರ ಮಾತನಾಡಿಕೊಂಡು ನಡೆಸಬೇಕಾದ ಚಿಕಿತ್ಸೆಯಿದು.

ಹಲ್ಲು ಸ್ಥಾನಕ್ಕೆ ಬಂದ ದಿನ ಕೆಲಸ ಮುಗಿಯಿತೆಂದು ತಿಳಿಯುವುದೇ ಮುಂದಿನ ನಷ್ಟಕ್ಕೆ ದಾರಿ. ಕಳೆದುಹೋದ ಎಲುಬಿನಲ್ಲಿ ಬಹುಭಾಗ ಮರಳಿ ಬಂದಿರುವುದಿಲ್ಲ. ನಾಲಿಗೆಯ ಒತ್ತಡ ಹಾಗೆಯೇ ಇರುತ್ತದೆ. ಬಿಟ್ಟರೆ ಹಲ್ಲು ಮತ್ತೆ ಸರಿಯುವುದು ಖಚಿತ. ಆದ್ದರಿಂದ ಮುಂದಿನ ಹಲ್ಲುಗಳ ಹಿಂಬದಿಗೆ ಸಣ್ಣ ತಂತಿಯೊಂದನ್ನು ಅಂಟಿಸಿ ಅವುಗಳನ್ನು ಒಟ್ಟಿಗೆ ಬಂಧಿಸುತ್ತಾರೆ. ಹೊರಗೆ ಕಾಣದ ಈ ತಂತಿ ಜೀವಮಾನಪರ್ಯಂತ ಇರತಕ್ಕದ್ದು. ಇಷ್ಟು ದಿನ ಖಾಲಿ ಬಿಟ್ಟ ದವಡೆಹಲ್ಲುಗಳ ಜಾಗವನ್ನೂ ಕೃತಕ ಹಲ್ಲುಗಳಿಂದ ತುಂಬಿಸಬೇಕು. ಇಲ್ಲವಾದರೆ ಭಾರ ಮತ್ತೆ ಮುಂದಿನ ಹಲ್ಲುಗಳ ಮೇಲೆಯೇ ಬೀಳುತ್ತದೆ.

ಎಲ್ಲ ಹಲ್ಲುಗಳೂ ಉಳಿಯುತ್ತವೆಂದು ನಾವು ಹೇಳಲಾರೆವು. ಬೇರಿನ ತುದಿಯವರೆಗೆ ಎಲುಬು ಹೋಗಿ, ಒತ್ತಿದರೆ ಮೇಲೆ ಕೆಳಗೆ ಆಡುವ ಹಲ್ಲನ್ನು ತೆಗೆಯುವುದೇ ಲೇಸು. ಆದರೆ ಆ ತೀರ್ಮಾನವನ್ನು ಎಕ್ಸ್-ರೇ ನೋಡಿ, ಒಸಡಿನ ಚಿಕಿತ್ಸೆಗೆ ಹಲ್ಲು ಹೇಗೆ ಸ್ಪಂದಿಸಿತೆಂದು ಕಂಡ ನಂತರ ಮಾಡಬೇಕೇ ಹೊರತು ಮೊದಲ ದಿನವೇ ಅಲ್ಲ. ಕೈಯಿಂದ ಅಲುಗಾಡಿಸಿ ನೋಡಿ ಮುಂದಿನ ನಾಲ್ಕೂ ಹಲ್ಲುಗಳನ್ನು ಕೀಳಿಸಿಕೊಳ್ಳಲು ಯಾರಾದರೂ ಹೇಳಿದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

ಒಸಡಿನ ತಜ್ಞರು ಮತ್ತು ತಂತಿಯ ತಜ್ಞರು ಒಂದೇ ಸೂರಿನಡಿ ಸಿಗುವುದು ದಂತ ಮಹಾವಿದ್ಯಾಲಯಗಳಲ್ಲಿ. ನಮ್ಮ ಭಾಗದವರಿಗೆ ಬೆಳಗಾವಿಯಲ್ಲಿ 1985ರಲ್ಲಿ ಆರಂಭವಾದ ಕೆಎಲ್‌ಇ ಸಂಸ್ಥೆಯ ದಂತ ಮಹಾವಿದ್ಯಾಲಯವೂ ಮರಾಠಾ ಮಂಡಳದ ದಂತ ಮಹಾವಿದ್ಯಾಲಯವೂ ಹತ್ತಿರವಾಗುತ್ತವೆ. ಧಾರವಾಡದ ಸತ್ತೂರಿನಲ್ಲಿ 1986ರಿಂದ ಎಸ್‌ಡಿಎಂ ದಂತ ಮಹಾವಿದ್ಯಾಲಯವಿದೆ. ಮಹಾವಿದ್ಯಾಲಯಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ದವಾಖಾನೆಗಳಿಗಿಂತ ಕಡಿಮೆ. ಆದರೆ ಓಡಾಟ ಹೆಚ್ಚು, ಭೇಟಿಗಳು ದೀರ್ಘ. ಸುಗ್ಗಿಯ ಅಥವಾ ಕಬ್ಬಿನ ಕಟಾವಿನ ದಿನಗಳಲ್ಲಿ ಆರಂಭಿಸಿ ನಡುವೆ ತಪ್ಪಿಸುವುದಕ್ಕಿಂತ, ವರ್ಷಪೂರ್ತಿ ಬರಲು ಸಾಧ್ಯವಾಗುವ ಸಮಯ ನೋಡಿ ತಂತಿಯ ಕೆಲಸ ಆರಂಭಿಸುವುದು ಒಳ್ಳೆಯದು. ಒಸಡಿನ ಚಿಕಿತ್ಸೆಗೆ ಮಾತ್ರ ಅಂತಹ ಕಾಯುವಿಕೆ ಬೇಡ. ಮೊದಲ ಭೇಟಿಗೆ ಹೋಗುವಾಗ ಹತ್ತು ಹದಿನೈದು ವರ್ಷಗಳ ಹಿಂದಿನ ಹಲ್ಲು ಕಾಣುವ ಒಂದು ಭಾವಚಿತ್ರ, ಸಕ್ಕರೆ ಹಾಗೂ ರಕ್ತದೊತ್ತಡದ ಚೀಟಿಗಳು, ನಿತ್ಯ ಸೇವಿಸುವ ಗುಳಿಗೆಗಳ ಪಟ್ಟಿ, ಹಿಂದೆ ತೆಗೆಸಿದ ಎಕ್ಸ್-ರೇ ಇದ್ದರೆ ಅದು, ಇವಿಷ್ಟನ್ನು ಜೊತೆಗೆ ಒಯ್ಯಬೇಕು. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸದೆ, ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.